ರಾಮಾಂಜಿನಮ್ಮ ಪೂಜೆ ಮಾಡಿದ ಅಂಕಿ

ಜೀನ್ಸ್ ಪ್ಯಾಂಟಿನ ಸೊಂಟದ ಸುತ್ತ ಬೆಲ್ಟು ತೂರಿಸಲು ಐದು ಸಣ್ಣ ಪಟ್ಟಿಗಳಿರುತ್ತವಲ್ಲ, ಅವಕ್ಕೆ ಲೂಪ್ ಎನ್ನುತ್ತಾರೆ. ತೆಲುಗು ಸೀಮೆಯ ಗಡಿಯೂರು ರಾಯದುರ್ಗದ ಒಂದು ಗಾರ್ಮೆಂಟ್ಸಿನಲ್ಲಿ ರಾಮಾಂಜಿನಮ್ಮ ಹನ್ನೊಂದು ವರ್ಷ ಲೂಪ್ ಹೊಲಿದಳು. ಲೂಪ್ ಬಿಟ್ಟು ಬೇರೇನನ್ನೂ ಹೊಲಿಯಲಿಲ್ಲ. ಎಡಗಡೆಯವಳು ಜೇಬು ಹಚ್ಚಿ ಇತ್ತ ತಳ್ಳುತ್ತಿದ್ದಳು, ಬಲಗಡೆಯವನು ಸೊಂಟಪಟ್ಟಿ ಮುಗಿಸಲು ಅತ್ತ ಎಳೆದುಕೊಳ್ಳುತ್ತಿದ್ದ, ನಡುವೆ ಇವಳ ಐದು ಲೂಪು. ಸಂಜೆ ಮನೆಗೆ ಹೋಗುವಾಗ ಎಷ್ಟು ಪ್ಯಾಂಟು ಹೊಲಿದೆ ಎಂದು ಯಾರಾದರೂ ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಹೊಲಿದವಳು ಎಂದು ಹೇಳಿಕೊಳ್ಳಲು ಒಂದು ಪ್ಯಾಂಟೂ ಅವಳದಾಗಿರಲಿಲ್ಲ.

ಅವಳ ತವರು ಬೊಮ್ಮನಹಾಳ್ ಕಡೆಯ ಹಳ್ಳಿ. ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿ ಹಾಕಿ ಬೆಳೆದವಳು. ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಕಲಿತಿದ್ದಳು, ತೆಲುಗನ್ನು ಮಾತಾಡಲು ಕಲಿತಳೇ ಹೊರತು ಓದಲು ಕಲಿಯಲಿಲ್ಲ. ಗಂಡ ಎರ್ರಪ್ಪ ರಾಯದುರ್ಗದಲ್ಲೇ ಇಸ್ತ್ರಿ ಕೆಲಸದವನು. ದಿನವಿಡೀ ಕಾದ ಪೆಟ್ಟಿಗೆಯ ಮುಂದೆ ನಿಂತು ನಿಂತು ಮಾತನ್ನೂ ಖರ್ಚು ಮಾಡದ ಮನುಷ್ಯನಾಗಿದ್ದ. ಮನೆಯಲ್ಲಿ ಮಾತು ಅವಳದು, ಹೂಂ ಅವನದು. ಇಬ್ಬರಿಗೂ ಅದು ಒಗ್ಗಿತ್ತು.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ರಾಮಾಂಜಿನಮ್ಮ ಲೂಪ್ ಬಿಟ್ಟಳು. ಊರಿನ ಲೆಕ್ಕದಲ್ಲಿ ಅದು ಹುಚ್ಚು. ಆದರೆ ಅವಳು ವ್ಯವಹಾರ ನೋಡಿಯೇ ಹೆಜ್ಜೆ ಇಟ್ಟಿದ್ದಳು. ರಾಯದುರ್ಗದ ವ್ಯಾಪಾರಿಗಳು ಕತ್ತರಿಸಿದ ಬಟ್ಟೆಯನ್ನು ಹೊಲಿಯಲು ಹೊರಗೆ ಕೊಡುತ್ತಾರೆ. ಆದರೆ ಕೊಡುವುದು ಸ್ವಂತ ಜಾಗ, ಸ್ವಂತ ಕರೆಂಟು ಮೀಟರು ಇರುವವರಿಗೆ. ಮನೆಯ ಪಡಸಾಲೆಯಲ್ಲಿ ಕೂತವರಿಗೆ ಸಿಗುವುದು ಗುಂಡಿ ಹಚ್ಚುವ ಕೆಲಸ, ದಾರ ಕತ್ತರಿಸುವ ಕೆಲಸ. ಹಾಗಾಗಿ ಅವಳು ಚೀಟಿ ಎತ್ತಿ, ಕಿವಿಯೋಲೆ ಅಡವಿಟ್ಟು, ವೆಂಕಟಸ್ವಾಮಿಯ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಕೋಣೆ ಹಿಡಿದಳು. ಅಡ್ವಾನ್ಸು ಎಂಬತ್ತೈದು ಸಾವಿರ.

ವೆಂಕಟಸ್ವಾಮಿ ಸಿದ್ಧ ಉಡುಪಿನ ಸಗಟು ವ್ಯಾಪಾರಿ. ಸ್ಟಾಂಪ್ ಪೇಪರಿನ ಮೇಲೆ ತೆಲುಗಿನಲ್ಲಿ ಅಚ್ಚಾದ ಕರಾರು ತರಿಸಿ, ಬಿಟ್ಟ ಜಾಗಗಳನ್ನು ನೀಲಿ ಪೆನ್ನಿನಿಂದ ತಾನೇ ತುಂಬಿದ. ಬಿಲ್ಲು ಬರೆಯುವಾಗ ಕೆಳಗೆ ಎರಡು ಕಾರ್ಬನ್ ಇಟ್ಟು ಬರೆದು ಅಭ್ಯಾಸವಾದ ಕೈ ಅದು. ಪೆನ್ನನ್ನು ಕಾಗದದ ಮೇಲೆ ಊರಿ ಊರಿ ಬರೆಯುತ್ತಿದ್ದ, ಮೇಜು ಅಲುಗಾಡುತ್ತಿತ್ತು. ಅಂಕಿ ಬರೆದ, ಪಕ್ಕದಲ್ಲಿ ಅದನ್ನೇ ಅಕ್ಷರದಲ್ಲಿ ಬರೆದ, ಸಹಿ ಹಾಕಿ ಕಾಗದವನ್ನು ಅವಳ ಕೈಗಿಟ್ಟ.

"ಜೋಪಾನ ಇಟ್ಕೊಳ್ಳಮ್ಮ. ನಿನ್ನ ರೊಕ್ಕ ನನ್ನ ಹತ್ರ ಐತಿ ಅಂತ ಹೇಳೋದು ಇದೊಂದೇ. ಇನ್ನ ಇದೇ ನಿನ್ನ ಲಕ್ಷ್ಮಿ" ಎಂದ.

ಆ ಮಾತನ್ನು ಅವನು ಮರುದಿನವೇ ಮರೆತಿರಬೇಕು. ಅವಳು ಮರೆಯಲಿಲ್ಲ. ಲಕ್ಷ್ಮಿ ಎಂದಮೇಲೆ ಪೂಜೆ ಮಾಡಬೇಕಲ್ಲ. ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಕಾಗದವನ್ನು ಕಳಸದ ಮುಂದಿಟ್ಟಳು, ಅರಿಶಿನ ಕುಂಕುಮ ಹಚ್ಚಿದಳು. ಆಯುಧಪೂಜೆಗೆ ಮಿಶೀನು, ಕತ್ತರಿ, ಟೇಪುಗಳ ಸಾಲಿನಲ್ಲಿ ಅದನ್ನೂ ಇಟ್ಟು ಮತ್ತೊಮ್ಮೆ ಹಚ್ಚಿದಳು. ಬೇರೆಯವರಾದರೆ ಕಾಗದದ ಮೂಲೆಗೆ ಹಚ್ಚುತ್ತಾರೆ. ಇವಳಿಗೆ ಆ ತೆಲುಗು ಸಾಲುಗಳಲ್ಲಿ ಗುರುತು ಸಿಗುತ್ತಿದ್ದದ್ದು ಅಂಕಿ ಒಂದೇ. ಲಕ್ಷ್ಮಿ ಇರುವುದು ಅಲ್ಲಿ ಎಂದು ತಿಳಿದು ನೇರ ಅಂಕಿಯ ಮೇಲೆ ಅರಿಶಿನ ಬಳಿದು, ನಡುವೆ ಕುಂಕುಮ ಒತ್ತಿ, ದೀಪದ ಎಣ್ಣೆ ಮುಟ್ಟಿದ ಬೆರಳಿನಿಂದಲೇ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಕರಾರು ಹನ್ನೊಂದು ತಿಂಗಳಿನದು. ಆಮೇಲೆ ಬಾಯಿಮಾತಿನಲ್ಲೇ ಮುಂದುವರಿಯಿತು. ಪೂಜೆಯೂ ಮುಂದುವರಿಯಿತು, ವರ್ಷಕ್ಕೆ ಎರಡು ಸಲ, ಎಂಟು ವರ್ಷ.

ಆ ಎಂಟು ವರ್ಷದಲ್ಲಿ ಎರಡು ಮಿಶೀನು ಆರಾದವು. ಅಡವಿಟ್ಟ ಓಲೆ ಕಿವಿಗೆ ಮರಳಿತು. ಶಿವಲಕ್ಷ್ಮಿ ಎಂಬ ಪಳಗಿದ ಕೈಯವಳೂ ಇನ್ನು ನಾಲ್ವರೂ ಅವಳಲ್ಲಿ ಕೆಲಸಕ್ಕೆ ಬಂದರು. ಆ ಕೋಣೆಯಲ್ಲಿ ಲೂಪಿಗೇ ಎಂದು ಒಬ್ಬಳನ್ನು ಅವಳು ಎಂದೂ ಕೂರಿಸಲಿಲ್ಲ. ಒಂದು ಪ್ಯಾಂಟನ್ನು ಹಿಡಿದವಳು ಮುಗಿಸಿಯೇ ಬಿಡಬೇಕು. ಕೆಲಸ ನಿಧಾನವಾಗುತ್ತದೆ ಎಂದು ವ್ಯಾಪಾರಿಗಳು ಗೊಣಗುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆ ಎಂಟರಲ್ಲಿ ಆರನೆಯ ವರ್ಷ ವೆಂಕಟಸ್ವಾಮಿಗೂ ಅವನ ತಮ್ಮನಿಗೂ ಕೆಟ್ಟಿತು. ಕಟ್ಟಡ ಅಪ್ಪನ ಕಾಲದ್ದು, ಬಾಡಿಗೆ ಮಾತ್ರ ಅಣ್ಣನೊಬ್ಬನೇ ತಿನ್ನುತ್ತಿದ್ದಾನೆ ಎಂದು ತಮ್ಮ ಕೋರ್ಟಿಗೆ ಹೋದ. ಇಬ್ಬರೂ ಕಟ್ಟಡವನ್ನು ಮುಟ್ಟಕೂಡದೆಂದು ಕೋರ್ಟು ಒಬ್ಬ ವಕೀಲರನ್ನು ರಿಸೀವರ್ ಆಗಿ ನೇಮಿಸಿತು. ವ್ಯಾಜ್ಯ ಮುಗಿಯುವ ತನಕ ಕಟ್ಟಡ ಅವರ ಕೈಯಲ್ಲಿ, ಬಾಡಿಗೆಯೂ ಅವರಿಗೇ. ರಾಮಾಂಜಿನಮ್ಮ ಒಂದೂವರೆ ವರ್ಷ ಹಾಗೆಯೇ ಕಟ್ಟಿದಳು. ಬಾಡಿಗೆ ಯಾರಿಗೆ ಹೋದರೆ ಅವಳಿಗೇನು, ಮಿಶೀನು ತಿರುಗುತ್ತಿತ್ತು.

ಈ ವರ್ಷ ಬೇಸಿಗೆಯ ಮೊದಲಲ್ಲಿ ಮೆಟ್ಟಿಲಿನ ಗೋಡೆಗೆ ಒಂದು ನೋಟೀಸು ಅಂಟಿತು. ಕೆಳಗೆ ಜಿಪ್ಪು, ಗುಂಡಿ ಮಾರುವ ಅಂಗಡಿಯ ಭೀಮೇಶ್ ಅದನ್ನು ಎಲ್ಲರಿಗೂ ಓದಿ ಹೇಳಿದ. ಕೋರ್ಟಿನ ಆದೇಶದಂತೆ ಕಟ್ಟಡ ಮಾರಾಟವಾಗಿದೆ. ಬಾಡಿಗೆಯವರು ಒಂದು ತಿಂಗಳಲ್ಲಿ ಖಾಲಿ ಮಾಡಬೇಕು. ಅಡ್ವಾನ್ಸು ಕೊಟ್ಟವರು ಪುರಾವೆ ತಂದು ರಿಸೀವರಿಗೆ ತೋರಿಸಿದರೆ, ಮಾರಿದ ಹಣದಲ್ಲಿ ಅದನ್ನು ಹಿಂದಿರುಗಿಸಿ, ಆ ಮೊತ್ತವನ್ನು ಪಡೆದುಕೊಂಡಿದ್ದ ಅಣ್ಣನ ಪಾಲಿನಲ್ಲಿ ಮುರಿಯಲಾಗುವುದು. ಪುರಾವೆ ಇಲ್ಲದವರಿಗೆ ಇಲ್ಲ.

ರಾಮಾಂಜಿನಮ್ಮ ಅಂದೇ ಬಳ್ಳಾರಿ ರಸ್ತೆಯ ಕಡೆ ಪದ್ಮಾವತಮ್ಮ ಎಂಬವರ ಮಳಿಗೆ ನೋಡಿ ಬಂದಳು. ಆರು ಮಿಶೀನಿಗೆ ಸಾಕಾಗುವ ಜಾಗ, ಮೀಟರೂ ಇತ್ತು. ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಅಡ್ವಾನ್ಸು. ತಿಂಗಳ ಕೊನೆಯವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಪದ್ಮಾವತಮ್ಮ ಮಾತು ಕೊಟ್ಟರು. ಹಳೆಯ ಎಂಬತ್ತೈದು ಕೈಗೆ ಬಂದರೆ ಹೊಸ ಅಂಗಡಿ, ಬರದಿದ್ದರೆ ಮಿಶೀನು ಮಾರಿ ಮತ್ತೆ ಲೂಪು. ಐವತ್ತೆರಡನೆಯ ವಯಸ್ಸಿನಲ್ಲಿ.

ಮನೆಗೆ ಬಂದು ದೇವರ ಗೂಡಿನಿಂದ ಕಾಗದ ತೆಗೆದು ಮೊದಲ ಸಲ ಅದನ್ನು ಭಕ್ತಿಯಿಲ್ಲದೆ ನೋಡಿದಳು. ಅಂಕಿ ಇರಬೇಕಾದ ಕಡೆ ಅಂಗೈಯಗಲದ ಹಳದಿ ಮಚ್ಚೆ, ನಡುವೆ ಕುಂಕುಮದ ದಪ್ಪ ಹೆಪ್ಪು, ಸುತ್ತ ಎಣ್ಣೆ. ಅಕ್ಷರದಲ್ಲಿ ಬರೆದದ್ದೂ ಅದೇ ಮಚ್ಚೆಯೊಳಗೆ ಸೇರಿ ಹೋಗಿತ್ತು. ಜೆರಾಕ್ಸ್ ಮಾಡಿಸಬೇಕೆಂದು ಅವಳಿಗೆ ಎಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಲಕ್ಷ್ಮಿಗೆ ಯಾರಾದರೂ ಜೆರಾಕ್ಸ್ ಮಾಡಿಸುತ್ತಾರೆಯೇ.

ಭೀಮೇಶ್ ಅದನ್ನು ನೋಡಿ ಹಿಗ್ಗಿದ. "ಅಕ್ಕಾ, ದೇವರು ದಾರಿ ತೋರ್ಸ್ಯಾನ ನಿಮಗ. ಅಂಕಿನ ಇಲ್ಲ ಅಂದಮ್ಯಾಲ ಎರಡು ಲಕ್ಷ ಅನ್ರಿ. ಸಾವ್ಕಾರ್ರು ಅಲ್ಲ ಅಂತ ಸಾಧಿಸಾಕ ಆಗ್ತೈತೇನ್ರಿ? ನಾ ಹೆಂಗೂ ನಂದು ಒಂದು ಲಕ್ಷ ಅಂತ ಹೇಳಾಕತ್ತೀನಿ." ಅವನು ಕೊಟ್ಟಿದ್ದು ನಲವತ್ತು ಸಾವಿರ ಎಂಬುದು ಕಟ್ಟಡಕ್ಕೆಲ್ಲ ಗೊತ್ತಿತ್ತು.

"ನಾ ಕೊಟ್ಟಿದ್ದು ಎಂಬತ್ತೈದಪ್ಪ" ಎಂದಳು ಅವಳು.

"ಕೊಟ್ಟಿದ್ದು ಯಾರು ಕೇಳ್ತಾರ್ರಿ ಅಕ್ಕಾ. ಬರೋದು ನೋಡ್ರಿ."

ಅವಳಿಗೆ ಆಸೆಯೇ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೆಟ್ಟಿಲು ಹತ್ತುವಾಗ ಎರಡು ಲಕ್ಷಕ್ಕೆ ಇನ್ನೆಷ್ಟು ಮಿಶೀನು ಬರುತ್ತವೆಂದು ಮನಸ್ಸಿನಲ್ಲೇ ಗುಣಿಸಿದ್ದಳು. ಆದರೆ ಆ ಅಂಕಿಗೆ ಎಂಟು ವರ್ಷ ಕೈಮುಗಿದು ಈಗ ಅದು ಬೇರೆ ಅಂಕಿ ಎಂದು ಹೇಳಲು ಅವಳಿಗೆ ಹೆದರಿಕೆಯಾಯಿತು.

ರಿಸೀವರ್ ಸಾಯಿಪ್ರಸಾದ್ ಹದಿನೈದು ದಿನಕ್ಕೊಮ್ಮೆ ಅನಂತಪುರದಿಂದ ಬಂದು ಕೆಳಗಿನ ಖಾಲಿ ಕೋಣೆಯಲ್ಲಿ ಕೂರುತ್ತಿದ್ದರು. ಹುಟ್ಟೂರು ಮಡಕಶಿರಾದ ಹತ್ತಿರದ ಗುಡಿಬಂಡೆ, ಹಾಗಾಗಿ ಕನ್ನಡದವರೊಡನೆ ಅವರದೂ ಕನ್ನಡವೇ. ಕಾಗದವನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ದೂರ ಹಿಡಿದು ನೋಡಿದರು.

"ಅಂಕಿ ಎಲ್ಲಮ್ಮ?"

"ಅರಿಶಿಣದ ಕೆಳಗ ಐತ್ರಿ ಸಾರ್."

"ಕೋರ್ಟಿಗೆ ಅರಿಸಿನ ತೋರ್ಸಕ್ಕಾಗಲ್ಲ ಕಣಮ್ಮ. ವೆಂಕಟಸ್ವಾಮಿಯವ್ರನ್ನ ಮುಂದಿನ್ ಸಲ ಬರಕ್ಕೆ ಹೇಳಿದೀನಿ. ಅವ್ರು ಒಪ್ಕೊಂಡ್ರೆ ಆಯ್ತು. ಇಲ್ಲಾಂದ್ರೆ ಇದನ್ನ ಓದೋ ಹಂಗೆ ಮಾಡ್ಕೊಂಡ್ ಬಾ. ನನ್ ಕೈಲಿ ಅಷ್ಟೇ ಆಗೋದು."

ಓದುವ ಹಾಗೆ ಮಾಡುವುದು ಹೇಗೆ ಎಂಬುದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಳು. ಬಟ್ಟೆಯ ಮೇಲೆ ಎಣ್ಣೆ ಬಿದ್ದರೆ ಪೌಡರು ಉದುರಿಸಬೇಕು. ಅರಿಶಿನ ಹತ್ತಿದರೆ ಬಿಸಿಲಿಗೆ ಹಾಕಬೇಕು, ಬಿಸಿಲು ಅರಿಶಿನವನ್ನು ತಿನ್ನುತ್ತದೆ. ಇದು ಹೊಲಿಯುವವರಿಗೆಲ್ಲ ತಿಳಿದ ವಿಷಯ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕುಂಕುಮವನ್ನು ಉದುರಿಸಿದಳು, ಪೌಡರು ಹಾಕಿ ಎಣ್ಣೆ ಹೀರಿಸಿದಳು, ಕಾಗದವನ್ನು ಮಾಳಿಗೆಯ ಮೇಲೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟಳು.

ಎರ್ರಪ್ಪ ಕೆಳಗೆ ನಿಂತು ನೋಡಿ ಬಾಯಿಬಿಟ್ಟ. "ಅದು ಬಟ್ಟಿ ಅಲ್ಲ."

"ನಿಮಗೇನು ಗೊತ್ತು, ಸುಮ್ನಿರ್ರಿ" ಎಂದಳು.

ರಾಯದುರ್ಗದ ಬೇಸಿಗೆಯ ಬಿಸಿಲು ಹೇಳಿದ ಕೆಲಸಕ್ಕಿಂತ ಹೆಚ್ಚೇ ಮಾಡುತ್ತದೆ. ದಿನದಿನಕ್ಕೆ ಹಳದಿ ತೆಳ್ಳಗಾಯಿತು. ಅವಳು ದಿನಾ ಸಂಜೆ ಕಾಗದ ಇಳಿಸಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದಳು. ಹತ್ತನೆಯ ದಿನಕ್ಕೆ ಹಳದಿ ಪೂರ್ತಿ ಹೋಗಿತ್ತು. ಅದರ ಜೊತೆಗೆ ನೀಲಿಯೂ ಹೋಗಿತ್ತು. ಅಚ್ಚಾದ ಕಪ್ಪು ಸಾಲುಗಳು ಇದ್ದ ಹಾಗೇ ಇದ್ದವು. ಪೆನ್ನಿನಲ್ಲಿ ಬರೆದಿದ್ದ ಅಂಕಿ, ಅಕ್ಷರ, ಸಹಿ ಯಾವುದೂ ಕಣ್ಣಿಗೆ ಕಾಣದಂತೆ ಮಾಸಿದ್ದವು.

ಜೀನ್ಸನ್ನು ಬಿಸಿಲಿಗೆ ಹಾಕಬೇಡಿ, ನೀಲಿ ಹೋಗುತ್ತದೆ ಎಂದು ಎಂಟು ವರ್ಷದಿಂದ ಬಂದವರಿಗೆಲ್ಲ ಹೇಳುತ್ತಿದ್ದವಳು ಅವಳೇ. ಅರಿಶಿನದ ಗುಂಗಿನಲ್ಲಿ ನೀಲಿ ತಲೆಗೆ ಬಂದಿರಲಿಲ್ಲ. ಅವಳು ಮಾಳಿಗೆಯ ಮೇಲೆಯೇ ಕುಕ್ಕರುಬಡಿದು ಅತ್ತಳು. ಎರ್ರಪ್ಪ ಮೇಲೆ ಬಂದ, ಕಾಗದ ನೋಡಿದ, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಕ್ಲಿಪ್ಪುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತ.

ರಿಸೀವರ್ ಬರುವ ದಿನ ಬಂತು. ಬಾಡಿಗೆಯವರೆಲ್ಲ ಬಾಗಿಲ ಬಳಿ ಗುಂಪಾಗಿದ್ದರು. ಒಳಗೆ ಮೇಜಿನ ಒಂದು ಬದಿಗೆ ವೆಂಕಟಸ್ವಾಮಿ ಕೂತಿದ್ದ. ವ್ಯಾಜ್ಯದಲ್ಲಿ ಸೊರಗಿ ಅವನ ಕುತ್ತಿಗೆಗೆ ಅಂಗಿಯ ಕಾಲರು ಸಡಿಲವಾಗಿತ್ತು. ರಾಮಾಂಜಿನಮ್ಮನಿಗೆ ಅವನನ್ನು ನೋಡಿ ಧೈರ್ಯವೇ ಬಂತು. ಕಾಗದದಲ್ಲಿ ಅಂಕಿ ಇಲ್ಲದಿದ್ದರೂ ಬರೆದವನು ಎದುರಿಗಿದ್ದಾನಲ್ಲ ಎಂದುಕೊಂಡಳು. ಇದೇ ಮನುಷ್ಯ ಎಷ್ಟೋ ಸಲ ಮೇಲೆ ಬಂದು ಅವಳ ಸ್ಟೂಲಿನ ಮೇಲೆ ಕೂತು ಟೀ ಕುಡಿದು ಹೋಗಿದ್ದ. ಮಗಳ ಮದುವೆಗೆ ಮನೆಯವರ ರವಿಕೆಗಳನ್ನೆಲ್ಲ ಅವಳ ಕೈಯಲ್ಲೇ ಹೊಲಿಸಿದ್ದ.

ಸಾಯಿಪ್ರಸಾದ್ ಕಾಗದ ನೋಡಿ ಕನ್ನಡಕ ತೆಗೆದರು. "ಹೋದ್ಸಲ ಅರಿಸಿನನಾದ್ರೂ ಇತ್ತು. ಈಗ ಅದೂ ಇಲ್ವಲ್ಲಮ್ಮ. ಯಾರಾದ್ರೂ ನೋಡಿದ್ರೆ ನೀನೇ ಅಳಿಸಿದೀಯ ಅಂತಾರೆ." ಆಮೇಲೆ ಅತ್ತ ತಿರುಗಿದರು. "ನೀವೇ ಹೇಳಿ. ಈ ಅಮ್ಮ ಕೊಟ್ಟಿದ್ದು ಎಷ್ಟು?"

ವೆಂಕಟಸ್ವಾಮಿ ಮೇಜಿನ ಅಂಚು ನೋಡುತ್ತ ಕೂತ. "ನೆನಪಿಲ್ರಿ."

"ಹಂಗಂದ್ರೆ?"

"ಎಂಟು ವರ್ಷದ್ದು ಯಾರಿಗೆ ನೆನಪಿರ್ತೈತ್ರಿ. ಇಪ್ಪತ್ತೋ ಮೂವತ್ತೋ ಇರಬೇಕು. ಒಬ್ಬ ಬಂದು ಲಕ್ಷ ಅಂತಾನ, ಇನ್ನೊಬ್ಬ ಒಂದೂವರಿ ಅಂತಾನ. ಎಲ್ಲಾ ನನ್ನ ಪಾಲಿನಾಗ ಕಡೀತೀರಿ. ಕಾಗದದಾಗ ಏನೈತಿ ಅದನ್ನ ಕೊಡ್ರಿ."

ಕಾಗದದಲ್ಲಿ ಏನೂ ಇಲ್ಲ ಎಂಬುದು ಅವನ ಎದುರಿಗೇ ಇತ್ತು. ರಾಮಾಂಜಿನಮ್ಮ ಅವನ ಮುಖವನ್ನೇ ನೋಡಿದಳು. ಅವನು ತಲೆ ಎತ್ತಲಿಲ್ಲ. ನೆನಪಿಲ್ಲದವನು ಯೋಚಿಸುತ್ತಾನೆ, ಇವನು ಯೋಚಿಸುತ್ತಿರಲಿಲ್ಲ. ಹಣ ಹೋಯಿತು ಎಂಬುದಕ್ಕಿಂತ ಅದರಿಂದ ಅವಳಿಗೆ ಹೆಚ್ಚು ನೋವಾಯಿತು.

ಸಾಯಿಪ್ರಸಾದ್ ಕಾಗದವನ್ನು ವಾಪಸು ಚಾಚಿದರು. ಅವಳು ತೆಗೆದುಕೊಂಡು ಮಡಿಚಲು ಹೋದಳು. ಹೊಲಿದು ಮುಗಿಸಿದ ಪ್ಯಾಂಟನ್ನು ಮಡಿಚುವ ಮೊದಲು ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡುವುದು ಅವಳ ಅಭ್ಯಾಸ, ಗಂಟು ಬಿದ್ದಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಹೆಬ್ಬೆರಳು ತನ್ನಷ್ಟಕ್ಕೆ ಕಾಗದದ ಬೆನ್ನ ಮೇಲೆ ಹರಿಯಿತು. ಅಲ್ಲಿ ಏನೋ ಉಬ್ಬಿತ್ತು. ಮತ್ತೆ ಎಳೆದು ನೋಡಿದಳು. ಒಂದು ಕಡೆಯಲ್ಲ, ಸಾಲಾಗಿ ಉಬ್ಬಿತ್ತು.

ಅವಳು ಕಾಗದವನ್ನು ಮೇಜಿನ ಮೇಲೆ ಮುಖ ಮೇಲಾಗಿ ಹರಡಿದಳು. ಸೊಂಟದ ಚೀಲದಿಂದ ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬಿಲ್ಲೆ ತೆಗೆದು, ಅಡ್ಡ ಮಲಗಿಸಿ, ಅಂಕಿಯ ಜಾಗದ ಮೇಲೆ ಹಗುರವಾಗಿ ಉಜ್ಜತೊಡಗಿದಳು.

"ಏನ್ಮಾಡ್ತಿದೀಯಮ್ಮ?" ಎಂದರು ಸಾಯಿಪ್ರಸಾದ್.

"ಒಂದು ನಿಮಿಷ ತಡೀರಿ ಸಾರ್."

ಕಾಗದ ನೀಲಿಯಾಯಿತು. ಪೆನ್ನು ಊರಿ ಕೊರೆದಿದ್ದ ಗೆರೆಗಳೊಳಗೆ ಮಾತ್ರ ಸೀಮೆಸುಣ್ಣ ಇಳಿಯಲಿಲ್ಲ, ಅವು ಬೆಳ್ಳಗೆ ಉಳಿದವು. ಮೊದಲು ಎಂಟು ಕಂಡಿತು, ಆಮೇಲೆ ಐದು, ಆಮೇಲೆ ಸೊನ್ನೆಗಳು. ಅವಳು ಪಕ್ಕಕ್ಕೆ ಉಜ್ಜುತ್ತ ಹೋದಳು. ಸಾಯಿಪ್ರಸಾದ್ ಬಗ್ಗಿ, ತೆಲುಗಿನಲ್ಲಿ ಬರೆದ ಎಂಬತ್ತೈದು ಸಾವಿರವನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದರು. ಕೆಳಗಿನ ಸಹಿಯೂ ಬಂತು.

ಕಾಗದ ವೆಂಕಟಸ್ವಾಮಿಯ ಮುಂದೆ ಸರಿಯಿತು. ಅವನು ಬಗ್ಗಿ ನೋಡಿದ. ಕಾರ್ಬನ್ ಇಟ್ಟು ಬರೆಯುವ ಕೈ ಯಾರದು ಎಂದು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

"ನನ್ನ ಕೈನ ರೀ" ಎಂದ. ಒಪ್ಪಿಕೊಂಡಿದ್ದೇನೆ ಎಂದು ಬರೆದು ಸಹಿ ಹಾಕಿದ. ಆಗಲೂ ಮೇಜು ಅಲುಗಾಡಿತು. ಪೆನ್ನು ಕೆಳಗಿಟ್ಟು ಮೊದಲ ಸಲ ಅವಳ ಕಡೆ ತಿರುಗಿ, ಸಿಡುಕಿನಿಂದಲೇ ಕೇಳಿದ: "ಹಾಳಾಗ್ಲಿ, ಕಾಗದಕ್ಕ ಅರಿಶಿಣ ಯಾಕ ಹಚ್ಚಾಕ ಹೋದಿ?"

"ನೀವು ಲಕ್ಷ್ಮಿ ಅಂದಿದ್ರಿ ಸಾವ್ಕಾರ್ರ" ಎಂದಳು ರಾಮಾಂಜಿನಮ್ಮ. ದನಿ ಏರಿಸಲಿಲ್ಲ. "ಎಂಟು ವರ್ಷ ನಿಮ್ಮ ಅಕ್ಷರಕ್ಕ ಪೂಜಿ ಮಾಡೀನ್ರಿ ನಾನು. ನಿಮಗ ನೆನಪಿಡಾಕ ಆಗಲಿಲ್ಲ."

ವೆಂಕಟಸ್ವಾಮಿ ಎದ್ದು ಚಪ್ಪಲಿ ಹುಡುಕಿದ, ಒಂದು ಮೇಜಿನ ಕೆಳಗೆ ಹೋಗಿತ್ತು. ಕಾಲಿನಿಂದ ಎಳೆದು ಹಾಕಿಕೊಂಡು ಗುಂಪಿನ ನಡುವೆ ದಾರಿ ಮಾಡಿಕೊಂಡು ಹೊರಟುಹೋದ.

ಅವಳ ನಂತರದ ಸರದಿ ಭೀಮೇಶನದು. ಅವನ ಕಾಗದದಲ್ಲಿ ಒಂದು ಲಕ್ಷ ಎಂದು ಸ್ಪಷ್ಟವಾಗಿ ಬರೆದಿತ್ತು. ಸಾಯಿಪ್ರಸಾದ್ ಓದುವ ಮೊದಲು ಅದನ್ನು ತಿರುಗಿಸಿ ಬೆನ್ನ ಮೇಲೆ ಹೆಬ್ಬೆರಳು ಎಳೆದರು. ಕಾಗದ ನುಣ್ಣಗಿತ್ತು. "ಹೋಗಿ ನಿಜ್ವಾದ್ದು ತಗೊಂಬಾಪ್ಪ" ಎಂದರು. ಭೀಮೇಶ್ ಆಮೇಲೆ ನಲವತ್ತರ ಕಾಗದ ತಂದು ನಲವತ್ತು ಪಡೆದ. ಅಂದಿನಿಂದ ಅವನು ರಾಮಾಂಜಿನಮ್ಮನನ್ನು ಅಕ್ಕಾ ಎಂದು ಕರೆಯುವುದಿಲ್ಲ. ಜಿಪ್ಪಿನ ಮೇಲೆ ಅವಳಿಗೆ ಕೊಡುತ್ತಿದ್ದ ರಿಯಾಯಿತಿಯನ್ನೂ ನಿಲ್ಲಿಸಿದ್ದಾನೆ.

ಕೋರ್ಟಿನ ಚೆಕ್ಕು ಬರುವಷ್ಟರಲ್ಲಿ ಗಡುವಿನ ತಿಂಗಳು ಮುಗಿದು ಹನ್ನೆರಡು ದಿನವಾಗಿತ್ತು. ಪದ್ಮಾವತಮ್ಮ ಹನ್ನೆರಡು ದಿನ ಹೆಚ್ಚಿಗೆ ಕಾದರು, ಅಷ್ಟು ದಿನದ ಬಾಡಿಗೆಯನ್ನೂ ಸೇರಿಸಿಕೊಂಡರು. ಆರು ಮಿಶೀನು ಎರಡು ಆಟೋದಲ್ಲಿ ಬಳ್ಳಾರಿ ರಸ್ತೆಗೆ ಹೋದವು. ಹೊಸ ಕರಾರಿನ ಬಿಟ್ಟ ಜಾಗಗಳನ್ನು ಪದ್ಮಾವತಮ್ಮ ಗುಂಡನೆಯ ಅಕ್ಷರದಲ್ಲಿ ತುಂಬಿ, ಜೋಪಾನ ಎಂದು ಹೇಳಿ ಕೊಟ್ಟರು. ರಾಮಾಂಜಿನಮ್ಮ ಮನೆಗೆ ಹೋಗುವ ದಾರಿಯಲ್ಲೇ ಮೂರು ಜೆರಾಕ್ಸ್ ಮಾಡಿಸಿದಳು.

ಆಯುಧಪೂಜೆಯ ದಿನ ಶಿವಲಕ್ಷ್ಮಿ ಮಿಶೀನುಗಳಿಗೆ ಹೂ ಏರಿಸಿದಳು. ರಾಮಾಂಜಿನಮ್ಮ ಅರಿಶಿನದ ಬಟ್ಟಲು ಹಿಡಿದು ಸಾಲಾಗಿ ಹಚ್ಚುತ್ತ ಬಂದಳು. ಆರು ಮಿಶೀನು, ಮೂರು ಕತ್ತರಿ, ಟೇಪು, ಕರೆಂಟು ಮೀಟರು. ನೀಲಿ ಸೀಮೆಸುಣ್ಣದ ಬಿಲ್ಲೆಗೂ ಒಂದು ಬೊಟ್ಟು ಇಟ್ಟಳು. ಎರ್ರಪ್ಪ ಅಭ್ಯಾಸದಂತೆ ಕರಾರಿನ ಕಾಗದವನ್ನು ತಂದು ಸಾಲಿನ ಕೊನೆಗಿಟ್ಟಿದ್ದ. ಅವಳ ಬೆರಳು ಅಲ್ಲಿಗೆ ಬಂದು ನಿಂತಿತು.

"ಹಚ್ಚೋದಿಲ್ಲೇನು?" ಎಂದ ಎರ್ರಪ್ಪ.

"ಅದು ಬರೇ ಕಾಗದ ರೀ. ಒಳಗಿಡ್ರಿ" ಎಂದು ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.